ಚಾಕಲೇಟ್ ಅಂತ ಕಪ್ಪು ಮೊಲ ಮಾರಿದರು, ಹುಷಾರು!

ಅಮೆರಿಕದಲ್ಲಿ ಶೋ ಮೊಲ ಸಾಕುವ ಕನ್ನಡದವರು, ಅದರಲ್ಲೂ ಮಕ್ಕಳು ಫೋರ್-ಎಚ್ ಅನ್ನುವ ಮಕ್ಕಳ ಸಂಘಟನೆಯಲ್ಲಿ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. "ಅಪರೂಪದ ಬಣ್ಣದ ಜೋಡಿ, ಪೆಡಿಗ್ರಿ (ವಂಶಾವಳಿ ಕಾಗದ) ಸಮೇತ" ಅಂತ ಯಾರಾದರೂ ಹೇಳಿದರೆ ತಕ್ಷಣ ದುಡ್ಡು ಕೊಡಬೇಡಿ. ನಮಗೆ ಆಗಿದ್ದು ನಿಮಗೆ ಆಗಬಾರದು.

ನಾವು ಸಾಕೋದು ಲಯನ್‌ಹೆಡ್, ತಲೆಯ ಸುತ್ತ ಸಿಂಹದ ಹಾಗೆ ಕೂದಲಿರುವ ಮೊಲದ ತಳಿ. 2014ರಲ್ಲಿ ಅಮೆರಿಕದ ಮೊಲ ಸಾಕಣೆದಾರರ ಸಂಘ ಎಆರ್‌ಬಿಎ ಈ ತಳಿಯನ್ನು ಒಪ್ಪಿಕೊಂಡಾಗ ಇದ್ದಿದ್ದು ಎರಡೇ ಬಣ್ಣ, ಟಾರ್ಟ್ (ಕಿತ್ತಳೆ-ಕಂದು ಮೈ, ಗಾಢ ಅಂಚು) ಮತ್ತು ಕೆಂಪು ಕಣ್ಣಿನ ಬಿಳಿ. ಆಮೇಲೆ ಸೇರಿದ ಒಂದೊಂದು ಬಣ್ಣಕ್ಕೂ ಯಾರೋ ವರ್ಷಗಟ್ಟಲೆ ಮರಿ ಆರಿಸಿ, ಕನ್ವೆನ್ಷನ್‌ಗೆ ಹೊತ್ತುಕೊಂಡು ಹೋಗಿ, ಜಡ್ಜ್‌ಗಳ ಮುಂದೆ ಇಟ್ಟಿದ್ದಾರೆ. ನನ್ನ ಮಗಳಿಗೆ ಲಿಲಾಕ್ (ತೆಳು ಗುಲಾಬಿ ಛಾಯೆಯ ಬೂದು) ಬಣ್ಣದ ಮೊಲಗಳ ಸಾಲು ಕಟ್ಟುವ ಆಸೆ. ಲಿಲಾಕ್ ಮರಿ ಬೇಕು ಅಂದರೆ ಚಾಕಲೇಟ್ (ಕಂದು) ಬಣ್ಣದ ಜೀನ್ ಮತ್ತು ಬಣ್ಣ ತೆಳು ಮಾಡುವ ಡೈಲ್ಯೂಟ್ ಜೀನ್, ಎರಡೂ ಅಪ್ಪನಿಂದಲೂ ಬರಬೇಕು, ಅಮ್ಮನಿಂದಲೂ ಬರಬೇಕು. ಅದಕ್ಕೇ ಒಂದು ಜೋಡಿ ತಂದೆವು. ಮಾರಿದ ಹೆಂಗಸು ಹೇಳಿದ್ದು: "ಎರಡೂ ಚಾಕಲೇಟ್, ಎರಡರಲ್ಲೂ ಡೈಲ್ಯೂಟ್ ಅಡಗಿದೆ." ಅದು ನಿಜವಾಗಿದ್ದರೆ ಸರಾಸರಿ ನಾಲ್ಕಕ್ಕೆ ಒಂದು ಮರಿ ಲಿಲಾಕ್, ಉಳಿದವು ಚಾಕಲೇಟ್. ಮೂರು ತಲೆಮಾರಿನ ಪೆಡಿಗ್ರಿ ಕೈಗಿಟ್ಟರು. ಅದನ್ನು ನಂಬಿ ಸಿಕ್ಕಾಪಟ್ಟೆ ಬೆಲೆ ಕೊಟ್ಟೆವು.

ಮರಿ ಹಾಕಿದ ಮೇಲೆ, ತಾಯಿ ಕಿತ್ತು ಹಾಸಿದ ಕೂದಲು ಸರಿಸಿ ನೋಡಿದರೆ ನಾಲ್ಕರಲ್ಲಿ ಎರಡು ಕಪ್ಪು. ಕಂದು ಅಲ್ಲ, ಕಪ್ಪು! ಚಾಕಲೇಟ್‌ಗೆ ಚಾಕಲೇಟ್ ಕೂಡಿಸಿದರೆ ಕಪ್ಪು ಬರೋದೇ ಇಲ್ಲ. ಖಾಲಿ ಕೊಡ ಬಗ್ಗಿಸಿದರೆ ನೀರು ಬರುತ್ತಾ?

ಮೆಸೇಜ್ ಹಾಕಿದೆ. ಬಂದ ಉತ್ತರ: "ಮುತ್ತಾತನ ಬಣ್ಣ ಬಂದಿರಬೇಕು, ಕಂಗ್ರಾಜುಲೇಷನ್ಸ್!" ಕಂಗ್ರಾಜುಲೇಷನ್ಸ್ ಅಂತೆ! ತಲೆಮಾರುಗಟ್ಟಲೆ ಅಡಗಿ ಬರೋದು ಚಾಕಲೇಟ್. ಕಪ್ಪು ಜೀನ್ ಇದ್ದಿದ್ದರೆ ಆ ಮೊಲ ಚಾಕಲೇಟ್ ಆಗಿ ಕಾಣುತ್ತಲೇ ಇರಲಿಲ್ಲ. ಬಣ್ಣದ ಮೇಲೆ ಕೆಲಸ ಮಾಡುವವರಿಗೆ ಇದು ಗೊತ್ತಿರಲ್ವಾ? ಹಾಗೇ ಬರೆದೆ. "ನಿಮ್ಮ ಮನೆಯ ಬೇರೆ ಗಂಡು ಸೇರಿರಬೇಕು" ಅಂದರು. ನಮ್ಮ ಮನೆಯಲ್ಲಿ ಬೇರೆ ಗಂಡೇ ಇಲ್ಲ.

ಮುಂದಿನ ಶೋಗೆ ಹೆಣ್ಣು ಮೊಲವನ್ನು ಒಯ್ದು, ಮೊಲ ಪರೀಕ್ಷಿಸಿ ನೋಂದಾಯಿಸುವ ಒಬ್ಬ ಎಆರ್‌ಬಿಎ ರಿಜಿಸ್ಟ್ರಾರ್‌ಗೆ ತೋರಿಸಿದೆವು. ಅವರು ಬೆನ್ನಿನ ಕೂದಲಿಗೆ ಉಫ್ ಅಂತ ಊದಿ ಬುಡ ತೋರಿಸಿದರು. ಗಾಢ ನೀಲಿ-ಬೂದು. ನಿಜವಾದ ಚಾಕಲೇಟ್‌ಗೆ ಅಲ್ಲಿ ತಿಳಿ ಬೂದು ಇರಬೇಕು. ಹಳೇ ಕೂದಲು ಉದುರಿದ ಜಾಗದಲ್ಲಿ ಹೊಸದು ಕಪ್ಪಗೆ ಹೊಳೆಯುತ್ತಿತ್ತು. "ಇದು ಕಪ್ಪು ಮೊಲ. ಹಳೇ ಕೂದಲು ಬಿಸಿಲಿಗೆ ಕೆಂಚಾಗಿದೆ, ಅಷ್ಟೇ" ಅಂದರು. ಸುತ್ತ ಅಷ್ಟು ಜನ. ಮಗಳು ಏನೂ ಮಾತಾಡದೆ ಮೊಲವನ್ನು ಕ್ಯಾರಿಯರ್‌ಗೆ ಹಾಕಿದಳು. ನನಗೆ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂತು.

ಅದನ್ನೂ ಬರೆದು ದುಡ್ಡು ವಾಪಸ್ ಕೇಳಿದೆ. "ಪೆಡಿಗ್ರಿ ನನಗೆ ಸಿಕ್ಕ ಹಾಗೇ ನಿಮಗೆ ಕೊಟ್ಟಿದ್ದೇನೆ" ಅಂದರು. ಆ ಕಾಗದದಲ್ಲಿ ಸಾಕಿದವರ ಹೆಸರು ಅವರದ್ದೇ! ಅದರ ಫೋಟೋ ಕಳಿಸಿದ ಮೇಲೆ ಬ್ಲಾಕ್ ಮಾಡಿದರು. ಮಾರುವ ಮುಂಚೆ ಕೇಳದಿದ್ದರೂ ಫೋಟೋ ಮೇಲೆ ಫೋಟೋ ಕಳಿಸುತ್ತಿದ್ದವರು ಇವರೇ.

ಪೆಡಿಗ್ರಿ ಅನ್ನೋದು ಮಾರುವವರೇ ಬರೆದುಕೊಡುವ ಕಾಗದ. ಎಆರ್‌ಬಿಎ ಅದನ್ನು ಪರೀಕ್ಷೆ ಮಾಡಿರುವುದಿಲ್ಲ. ರಿಜಿಸ್ಟ್ರೇಷನ್ ಬೇರೆ, ಅದಕ್ಕೆ ರಿಜಿಸ್ಟ್ರಾರ್ ಮೊಲವನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಹೊಸ ಬಣ್ಣಕ್ಕೆ ಅಂತ ಮೊಲ ತರುವುದಾದರೆ ಕೂದಲು ಉದುರುವ ಕಾಲದಲ್ಲಿ ತರಬೇಡಿ. ಊದಿ ಬುಡ ನೋಡಿ. ಅದೇ ಅಪ್ಪ-ಅಮ್ಮನ ಬೇರೆ ಮರಿಗಳನ್ನು ತೋರಿಸಿ ಅಂತ ಕೇಳಿ. "ಈಗ ಆಗಲ್ಲ" ಅಂದರೆ ಎದ್ದು ಬನ್ನಿ.

ಆ ಎರಡು ಕಪ್ಪು ಮರಿಗಳು ಈಗ ದೊಡ್ಡವಾಗಿವೆ, ಆರೋಗ್ಯವಾಗಿವೆ. ಓಹಾಯೋದಲ್ಲಿ ಮನೆಯಲ್ಲಿ ಪ್ರೀತಿಯಿಂದ ಸಾಕುವವರಿದ್ದರೆ ಸುಮ್ನೆ ಕೊಡುತ್ತೇವೆ. ಪೆಡಿಗ್ರಿ ಮಾತ್ರ ಕೇಳಬೇಡಿ, ಆ ಕಾಗದವನ್ನು ನಾವು ಯಾರಿಗೂ ಕೊಡುವುದಿಲ್ಲ.