ಅಜ್ಜನ ಬೀಟೆ ಮೇಜಿನ ಬಿಳಿ ಕಲೆ ತೆಗೆಯಲು ಹೋಗಿ ನಾನು ಕಳೆದುಕೊಂಡದ್ದು

ಮನೆಯಲ್ಲಿ ಹಳೇ ಮರದ ಮೇಜು, ಕುರ್ಚಿ, ಕಪಾಟು ಇದ್ದರೆ ದಯವಿಟ್ಟು ಇದನ್ನು ಓದಿ. ಕಲೆ ತೆಗೆಯೋಣ ಅಂತ ಸ್ಪಿರಿಟ್ ಬಾಟಲಿಯನ್ನೋ ಸ್ಯಾಂಡ್ ಪೇಪರನ್ನೋ ಕೈಗೆ ತೆಗೆದುಕೊಳ್ಳುವ ಮೊದಲೇ ಓದಿ.

ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜ ಅಡಿಕೆ ಲೆಕ್ಕ ಬರೆಯುತ್ತಿದ್ದ ಬೀಟೆ ಮರದ ಮೇಜು ಅವರು ಹೋದ ಮೇಲೆ ಬೆಂಗಳೂರಿನ ನಮ್ಮ ಮನೆಗೆ ಬಂತು. ಅಜ್ಜ ಪೆನ್ಸಿಲ್ ಒತ್ತಿ ಬರೆಯುವವರು. ಹಾಳೆಯ ಅಡಿಯಲ್ಲಿ ಮೇಜಿನ ಮೇಲೂ ಅಂಕಿಗಳ ಗುರುತು ಬಿದ್ದಿತ್ತು. ಸಂಜೆ ಬಿಸಿಲು ಓರೆಯಾಗಿ ಬಂದಾಗ ಮಾತ್ರ ಅವು ಕಾಣುತ್ತಿದ್ದವು. ಒಂದು ೪, ಪಕ್ಕದಲ್ಲಿ ೭, ಅದರ ಕೆಳಗೆ ಕೂಡಿಸಿದ ಗೆರೆ.

ಹಬ್ಬದ ದಿನ ಯಾರೋ ಬಿಸಿ ಪಾಯಸದ ಪಾತ್ರೆಯನ್ನು ಅದರ ಮೇಲೆ ಇಟ್ಟರು. ಪಾತ್ರೆ ಎತ್ತಿದಾಗ ಬೆಳ್ಳಗೆ ಒಂದು ಬಳೆಯಾಕಾರದ ಕಲೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಮನೆಯಲ್ಲಿ ಗಾಯ ತೊಳೆಯುವ ಸ್ಪಿರಿಟ್ ಇತ್ತು. ಹತ್ತಿಗೆ ಹಾಕಿ ಜೋರಾಗಿ ಉಜ್ಜಿದೆ. ಎರಡೇ ನಿಮಿಷ. ಮೇಜಿನ ಮೇಲ್ಭಾಗ ಬೆಲ್ಲದ ಪಾಕದ ಹಾಗೆ ಅಂಟಂಟಾಯಿತು. ಹತ್ತಿಯ ಎಳೆಗಳು ಅದಕ್ಕೇ ಅಂಟಿಕೊಂಡವು.

ಗಾಬರಿಯಲ್ಲಿ ಮಾಡಿದ ಎರಡನೇ ತಪ್ಪು ಇನ್ನೂ ದೊಡ್ಡದು. ಅಂಗಡಿಯಿಂದ 80 ನಂಬರಿನ ಸ್ಯಾಂಡ್ ಪೇಪರ್ ತಂದು ಆ ಅಂಟನ್ನೆಲ್ಲ ಉಜ್ಜಿ ತೆಗೆದೆ. ನಂಬರ್ ಕಡಿಮೆ ಆದಷ್ಟೂ ಕಾಗದ ಒರಟು ಅನ್ನುವುದು ನನಗೆ ಗೊತ್ತಿರಲಿಲ್ಲ. ಮರದ ಎಳೆ ಉದ್ದಕ್ಕೆ ಹೋಗಿದ್ದರೆ ನಾನು ಅಡ್ಡಕ್ಕೆ, ಸುತ್ತ ಸುತ್ತ ಉಜ್ಜಿದೆ. ಮೇಜಿನ ಮೈತುಂಬಾ ಗೀರು ಬಿತ್ತು. ಗಾಳಿ ಬೆಳಕಿನಲ್ಲಿ ಅಷ್ಟು ವರ್ಷ ಮಾಗಿ ಬಂದಿದ್ದ ಬಣ್ಣವೂ ಹೋಗಿ, ಆ ಜಾಗ ಮಾತ್ರ ಬೇರೆ ಮರ ತಂದು ಕೂರಿಸಿದಂತೆ ಕಾಣತೊಡಗಿತು. ಬೀಟೆಯ ಪುಡಿ ಕೆಲವರಿಗೆ ಆಗುವುದಿಲ್ಲವಂತೆ. ನನ್ನ ಕೈ ಎರಡು ದಿನ ತುರಿಸಿತು, ಮಾಸ್ಕ್ ಕೂಡ ಹಾಕಿರಲಿಲ್ಲ. ಆ ಸಂಜೆ ಬಿಸಿಲು ಬಂದಾಗ ನೋಡಿದೆ. ಅಜ್ಜನ ಅಂಕಿಗಳು ಇರಲಿಲ್ಲ.

ಆಮೇಲೆ ಮರಗೆಲಸ ಮಾಡುವ ಪರಿಚಯದ ಹಿರಿಯ ಆಚಾರ್ರನ್ನು ಕರೆಸಿದೆ. ಅವರು ಮೇಜಿನ ಮೇಲ್ಭಾಗವನ್ನು ಮುಟ್ಟಲೇ ಇಲ್ಲ. ಬಗ್ಗಿ, ಅಡಿಯಲ್ಲಿ ಕಾಣದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ ಹಚ್ಚಿ ಬೆರಳಿಟ್ಟು ನೋಡಿದರು. ಅಂಟಾಯಿತು. "ನೋಡಮ್ಮ, ಇದು ಅರಗಿನ ಪಾಲಿಶ್. ಅರಗನ್ನು ಸ್ಪಿರಿಟ್ಟಲ್ಲೇ ಕರಗಿಸಿ ಹಚ್ಚೋದು. ಮತ್ತೆ ಸ್ಪಿರಿಟ್ ಹಾಕಿ ತಿಕ್ಕಿದರೆ ಅದು ಎದ್ದು ಬರದೇ ಇರುತ್ತಾ?" ಅಂದರು. ಸ್ಪಿರಿಟ್ಟಿಗೆ ಜಗ್ಗದೆ ಲ್ಯಾಕರ್ ಥಿನ್ನರಿಗೆ ಮೆತ್ತಗಾದರೆ ಅದು ಲ್ಯಾಕರ್ ಅನ್ನುವ ಪಾಲಿಶ್ ಇರಬಹುದು. ಎರಡಕ್ಕೂ ಜಗ್ಗದಿದ್ದರೆ ಈಗಿನ ಪಿಯು (ಪಾಲಿಯುರೆಥೇನ್) ಥರದ ಪಾಲಿಶ್ ಇರಬಹುದು. ಕಾಣದ ಜಾಗದಲ್ಲಿ ಇಷ್ಟು ನೋಡಿಕೊಳ್ಳಲು ಐದು ನಿಮಿಷ ಸಾಕಿತ್ತು.

ನನಗೆ ಜಾಸ್ತಿ ಸಂಕಟ ಆದದ್ದು ಅವರ ಮುಂದಿನ ಮಾತಿಗೆ. ಬೆಳ್ಳಗಿನ ಕಲೆ ಸಾಮಾನ್ಯವಾಗಿ ಮರದಲ್ಲಿ ಇರುವುದೇ ಇಲ್ಲ. ಬಿಸಿ ಪಾತ್ರೆಯ ತೇವ ಪಾಲಿಶ್ ಪದರದೊಳಗೆ ಸಿಕ್ಕಿಕೊಂಡು ಹಾಗೆ ಕಾಣುತ್ತದೆ. ಕಪ್ಪಗಿದ್ದರೆ ನೀರು ಮರದೊಳಕ್ಕೇ ಇಳಿದಿದೆ ಅಂತ ಅರ್ಥ, ಅದು ಕಷ್ಟದ ಕೆಲಸ. ನಮ್ಮದು ಬಿಳಿ. ಸುಮ್ನೆ ಕೆಲವು ದಿನ ಗಾಳಿಗೆ ಬಿಟ್ಟಿದ್ದರೂ ಎಷ್ಟೋ ಮಾಸುತ್ತಿತ್ತಂತೆ. ಇಲ್ಲದಿದ್ದರೆ ಹೇರ್ ಡ್ರೈಯರನ್ನು ಸಣ್ಣ ಬಿಸಿಯಲ್ಲಿ, ದೂರ ಹಿಡಿದು, ಆಡಿಸುತ್ತಾ ಒಣಗಿಸಬಹುದಿತ್ತು. ಬಿಸಿ ಜಾಸ್ತಿಯಾದರೆ ಅರಗು ಮೆತ್ತಗಾಗುತ್ತದೆ, ಅಲ್ಲಿ ಅವಸರ ಮಾಡಬಾರದು.

ಸಣ್ಣ ಗೀರುಗಳಿಗೆ ಜೇನುಮೇಣ ಸವರಿ ಬಟ್ಟೆಯಲ್ಲಿ ತಿಕ್ಕಿದರೆ ಬಹಳಷ್ಟು ಮುಚ್ಚಿಹೋಗುತ್ತದೆ. ನಮ್ಮಲ್ಲಿ ಅನೇಕರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಒಂದು ವಾರ ಹೊಳೆಯುತ್ತದೆ ನಿಜ. ಆದರೆ ಆ ಎಣ್ಣೆ ಒಣಗುವುದಿಲ್ಲ. ಧೂಳು ಹಿಡಿಯುತ್ತದೆ, ಮುಂದೆ ಪಾಲಿಶ್ ಹಚ್ಚಿದರೂ ಸರಿಯಾಗಿ ಕೂರುವುದಿಲ್ಲ.

ಆಚಾರ್ರು ನಾಲ್ಕು ದಿನ ಕೂತು, ಹತ್ತಿ ಸುತ್ತಿದ ಬಟ್ಟೆಯ ಉಂಡೆಯಿಂದ ತೆಳುವಾಗಿ ಕೈಮೇಲೆ ಕೈ ಪಾಲಿಶ್ ಕೊಟ್ಟರು. ಮೇಜು ಈಗ ಚೆನ್ನಾಗಿಯೇ ಇದೆ. ಓರೆ ಬೆಳಕಿನಲ್ಲಿ ಮಾತ್ರ ಆ ಜಾಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಆಚಾರ್ರು ಬರುವ ಮೊದಲು ಉಜ್ಜಿದ ಜಾಗ ಕಪ್ಪಾಗಲಿ ಅಂತ ನಾನು ಅಗಸೆ ಎಣ್ಣೆ ಹಚ್ಚಿದ್ದೆ. ಒರೆಸಿದ ಬಟ್ಟೆಗಳನ್ನು ಮುದುರಿ ಪ್ಲಾಸ್ಟಿಕ್ ಕವರಿಗೆ ತುಂಬಿ ಅಡಿಗೆಮನೆ ಮೂಲೆಯಲ್ಲಿ ಇಟ್ಟೆ. ಕೆಲವು ಗಂಟೆ ಬಿಟ್ಟು ಎತ್ತಲು ಹೋದರೆ ಕವರ್ ಬಿಸಿಯಾಗಿತ್ತು! ಅಗಸೆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಒಣಗುತ್ತದೆ, ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಮುದುರಿದ್ದರೆ ಆ ಬಿಸಿ ಹೊರಗೆ ಹೋಗಲಾರದೆ, ಕಿಡಿ ತಗುಲದೆಯೂ ಬೆಂಕಿ ಹತ್ತಿಕೊಳ್ಳಬಹುದು. ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇತ್ತು. ನೀವೂ ಅಗಸೆ ಎಣ್ಣೆ ಬಳಸಿದ್ದರೆ ಆ ಬಟ್ಟೆಗಳನ್ನು ಈಗಲೇ ಹುಡುಕಿ. ಪೂರ್ತಿ ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಒಂದೊಂದಾಗಿ ಬಿಡಿಸಿ ಹರವಿ.