ಫೇಜ್‌ಗಾರ್ಡ್ ಎಸ್: ಕೋಳಿಮಾಂಸದ ಮೇಲೆ ಸಿಂಪಡಿಸುವ ವೈರಸ್ಸು ಎಷ್ಟು ಕೆಲಸ ಮಾಡುತ್ತದೆ?

ನೆದರ್ಲೆಂಡ್ಸಿನ ಮೈಕ್ರಿಯೋಸ್ ಸಂಸ್ಥೆ ಮೊದಲು ಸಾಲ್ಮೊನೆಲೆಕ್ಸ್ ಎಂಬ ಹೆಸರಿನಲ್ಲಿ ಹೊರತಂದು, ಈಗ ಫೇಜ್‌ಗಾರ್ಡ್ ಎಸ್ ಎಂದು ಮಾರುವ ದ್ರಾವಣವನ್ನು ಕೋಳಿ ಸಂಸ್ಕರಣಾ ಘಟಕಗಳಲ್ಲಿ ಮಾಂಸದ ಮೇಲೆ ಸಿಂಪಡಿಸುತ್ತಾರೆ. ಅದರಲ್ಲಿರುವುದು ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುವ ವೈರಸ್ಸುಗಳು, ಅಂದರೆ ಬ್ಯಾಕ್ಟೀರಿಯೋಫೇಜ್‌ಗಳು, ಚಿಕ್ಕದಾಗಿ ಫೇಜ್‌ಗಳು. ಇಲ್ಲಿ ಅವುಗಳ ಗುರಿ, ಆಹಾರದ ಮೂಲಕ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಇದು ಸುರಕ್ಷಿತವೆಂಬ ಕಂಪನಿಯ ತೀರ್ಮಾನವನ್ನು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2013ರಲ್ಲಿ ಪ್ರಶ್ನಿಸದೆ ಬಿಟ್ಟಿತು. ಹಾಗೆ ಪ್ರಶ್ನಿಸದಿರುವುದನ್ನು ಜಾಹೀರಾತುಗಳು ‘ಅನುಮೋದನೆ’ ಎಂದು ಕರೆಯುವುದು ಸ್ವಲ್ಪ ಹೆಚ್ಚಾಯಿತು. ನಾನು ಇದನ್ನು ಘಟಕದಲ್ಲಿ ಬಳಸಿ ನೋಡಿದವನಲ್ಲ. ಪ್ರಕಟವಾದ ಪ್ರಯೋಗಗಳನ್ನೂ ಉತ್ಪನ್ನದ ರಚನೆಯನ್ನೂ ಮುಂದಿಟ್ಟುಕೊಂಡು ಅಳೆಯುತ್ತಿದ್ದೇನೆ.

ಉತ್ಪನ್ನದ ನಿಜವಾದ ಜಾಣತನವಿರುವುದು ಫೇಜ್‌ಗಳ ಆಯ್ಕೆಯಲ್ಲಿ. ಸಾಲ್ಮೊನೆಲ್ಲಾದಲ್ಲಿ 2,500ಕ್ಕೂ ಹೆಚ್ಚು ಸೀರೋಟೈಪ್‌ಗಳಿವೆ, ಅಂದರೆ ಒಳಬಗೆಗಳಿವೆ. ಒಂದಕ್ಕೆ ಹೊಂದಿಕೊಂಡ ಫೇಜ್ ಇನ್ನೊಂದನ್ನು ಮುಟ್ಟದೆಯೂ ಇರಬಹುದು. ಇಲ್ಲಿ ಸೇರಿಸಿರುವ ಎರಡು ಫೇಜ್‌ಗಳಲ್ಲಿ ಎಸ್16 ಎಂಬುದು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಓಎಂಪಿ-ಸಿ ಎಂಬ ಪ್ರೋಟೀನನ್ನು ಹಿಡಿದು ಒಳನುಗ್ಗಿದರೆ, ಫೀಲಿಕ್ಸ್ ಓ1 ಎಂಬ ಹಳೆಯ ಫೇಜಿನ ಬಳಗಕ್ಕೆ ಸೇರಿದ ಇನ್ನೊಂದು, ಅದೇ ಹೊರಪೊರೆಯಲ್ಲಿರುವ ಲಿಪೋಪಾಲಿಸ್ಯಾಕರೈಡ್ ಎಂಬ ಕೊಬ್ಬು-ಸಕ್ಕರೆಯ ಅಣುವನ್ನು ಹಿಡಿಯುತ್ತದೆ. ಬಾಗಿಲು ಎರಡಿರುವುದರಿಂದ, ಒಂದನ್ನು ಬದಲಿಸಿಕೊಂಡು ಪಾರಾದ ಬ್ಯಾಕ್ಟೀರಿಯಾ ಇನ್ನೊಂದರ ಕೈಗೆ ಸಿಗುವ ಸಾಧ್ಯತೆ ಉಳಿಯುತ್ತದೆ. ಇದೇ ಕೆಲಸಕ್ಕಾಗಿ ಅಮೆರಿಕದ ಇಂಟ್ರಾಲಿಟಿಕ್ಸ್ ಕಂಪನಿ ತಯಾರಿಸುವ ಸಾಲ್ಮೊಫ್ರೆಶ್‌ನಲ್ಲಿ ಆರು ಫೇಜ್‌ಗಳಿವೆ. ಸಂಖ್ಯೆ ಹೆಚ್ಚಿದ್ದರೆ ಉತ್ಪನ್ನವೂ ಮೇಲು ಎಂದು ನಾನು ಒಪ್ಪುವುದಿಲ್ಲ. ಅವು ಹಿಡಿಯುವ ಜಾಗಗಳು ಬೇರೆ ಬೇರೆಯೇ ಎಂಬುದು ಮುಖ್ಯ.

‘ಫೇಜ್ ತಾನೇ ವೃದ್ಧಿಯಾಗುತ್ತದೆ, ಆದ್ದರಿಂದ ಸ್ವಲ್ಪ ಸಾಕು’ ಎಂಬ ಮಾತು ಈ ಉತ್ಪನ್ನಗಳ ಸುತ್ತ ಆಗಾಗ ಕೇಳಿಬರುತ್ತದೆ. ತಣ್ಣಗಿಟ್ಟ ಮಾಂಸದ ವಿಷಯದಲ್ಲಿ ಈ ಮಾತು ದಾರಿ ತಪ್ಪಿಸುತ್ತದೆ. ಶೀತಲೀಕರಣದಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ಬೆಳೆಯದ ಬ್ಯಾಕ್ಟೀರಿಯಾದೊಳಗೆ ಫೇಜ್ ಸರಿಯಾಗಿ ಮರಿಹಾಕುವುದೂ ಇಲ್ಲ. ಆದ್ದರಿಂದ ಮಾಂಸದ ಮೇಲೆ ಚದುರಿರುವ ಬೆರಳೆಣಿಕೆಯ ಬ್ಯಾಕ್ಟೀರಿಯಾಗಳನ್ನು ತಲುಪಬೇಕಾದರೆ ಗ್ರಾಮಿಗೆ ಕೋಟಿಯ ಲೆಕ್ಕದಲ್ಲಿಯೇ ಫೇಜ್ ಬೀಳಬೇಕು ಮತ್ತು ಸಿಂಪಡಣೆ ತುಂಡಿನ ಎಲ್ಲ ಮಗ್ಗುಲನ್ನೂ ಮುಟ್ಟಬೇಕು. ಘಟಕಗಳಲ್ಲಿ ಮಾಂಸದ ರೋಗಾಣು ಕೊಲ್ಲಲು ಬಳಸುವ ಪೆರಾಸೆಟಿಕ್ ಆಮ್ಲವಾಗಲಿ ಕ್ಲೋರಿನ್ ಆಗಲಿ ಫೇಜನ್ನೂ ಕೊಲ್ಲುವುದರಿಂದ, ಅವುಗಳ ಹಂತಕ್ಕೂ ಫೇಜ್ ಹಂತಕ್ಕೂ ನಡುವೆ ಅಂತರವಿಡದ ಘಟಕ ಹಣವನ್ನು ನೀರಿಗೆ ಚೆಲ್ಲಿದಂತೆ. ರುಚಿ, ಬಣ್ಣ, ವಾಸನೆಗಳಿಗೆ ಇದರಿಂದ ಧಕ್ಕೆಯಿಲ್ಲ, ಅದು ದೊಡ್ಡ ಅನುಕೂಲ.

ಇದನ್ನು ಜೀವಂತ ಕೋಳಿಗೆ ಕುಡಿಸುವ ಫೇಜ್‌ಗಳೊಂದಿಗೆ ಗೊಂದಲಿಸಿಕೊಳ್ಳಬಾರದು, ಅದು ಹೆಚ್ಚು ಕಷ್ಟದ ದಾರಿ. ಬ್ಯಾಕ್ಟೀರಿಯೋಫೇಜ್ ಎಂಬ ಹೆಸರು ಕೊಟ್ಟ ವಿಜ್ಞಾನಿ ಫೆಲಿಕ್ಸ್ ದೆರೆಲ್ ಫ್ರಾನ್ಸಿನಲ್ಲಿ ಕೋಳಿಗಳ ಟೈಫಾಯ್ಡಿಗೆ ಫೇಜ್ ಪ್ರಯೋಗಿಸಿದ್ದು 1919ರಲ್ಲಿಯೇ. ಶತಮಾನ ಕಳೆದರೂ ಆ ದಾರಿ ಸಲೀಸಾಗಿಲ್ಲ. 2007ರಲ್ಲಿ ಬ್ರಿಟನ್ನಿನ ಸಂಶೋಧಕರು ಹೊಟ್ಟೆಯ ಆಮ್ಲದಿಂದ ರಕ್ಷಿಸಲು ಆಂಟಾಸಿಡ್ ಜೊತೆಗೆ ಭಾರೀ ಪ್ರಮಾಣದ ಫೇಜ್ ಕೊಟ್ಟಾಗ, ಬ್ರಾಯ್ಲರ್ ಕೋಳಿಗಳ ಕುರುಡುಗರುಳಿನಲ್ಲಿ ಎಂಟೆರಿಟಿಡಿಸ್ ಬಗೆಯ ಸಾಲ್ಮೊನೆಲ್ಲಾ 24 ಗಂಟೆಯೊಳಗೆ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು, ಟೈಫಿಮ್ಯೂರಿಯಂ ಸುಮಾರು ನೂರೈವತ್ತರಲ್ಲೊಂದು ಪಾಲಿಗೆ ಇಳಿಯಿತು, ಆದರೆ ಹದಾರ್ ಬಗೆಯದು ಕದಲಲಿಲ್ಲ. ಅದೇ ವರ್ಷ ಮರಿಗಳಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ 24 ಗಂಟೆಗೆ ಕಂಡ ಇಳಿಕೆ 48 ಗಂಟೆಗೆ ಕಾಣಲಿಲ್ಲ. ಹೀಗಾಗಿ, ಸಾಲ್ಮೊನೆಲ್ಲಾ ಮತ್ತೆ ಬೆಳೆಯಲು ಕಾಲಾವಕಾಶ ಸಿಗದ ಕೊನೆಯ ಹಂತದಲ್ಲಿ, ಮಾಂಸದ ಮೇಲೆ ಸಿಂಪಡಿಸುವ ಕಂಪನಿಯ ಆಯ್ಕೆಯೇ ನನಗೆ ಸರಿ ಎನಿಸುತ್ತದೆ.

ನಮ್ಮ ಊರಿನ ಕೋಳಿ ಅಂಗಡಿಗೆ ಮಾತ್ರ ಇದು ಹೊಂದುವುದಿಲ್ಲ. ಗಿರಾಕಿಯ ಎದುರೇ ಕೊಯ್ದು, ಒಂದೇ ಕತ್ತಿ ಒಂದೇ ಹಲಗೆಯಲ್ಲಿ ಕತ್ತರಿಸಿ, ಚೀಲಕ್ಕೆ ಹಾಕಿ ಕೊಡುವಲ್ಲಿ ಫೇಜನ್ನು ಸಿಂಪಡಿಸಿದರೂ ಮುಂದಿನ ಏಟಿಗೆ ಹಲಗೆಯಿಂದಲೇ ಸಾಲ್ಮೊನೆಲ್ಲಾ ಮರಳಿ ಅಂಟುತ್ತದೆ. ಕೊಯ್ದ ಕೂಡಲೇ ತಣ್ಣಗಾಗಿಸಿ ಪ್ಯಾಕ್ ಮಾಡುವ ದೊಡ್ಡ ಘಟಕ ನಡೆಸುವವರು, ತಮ್ಮ ಕೋಳಿಗಳಲ್ಲಿ ಸಿಗುವ ಸಾಲ್ಮೊನೆಲ್ಲಾದ ತಳಿಗಳನ್ನು ಮೊದಲು ಬೇರ್ಪಡಿಸಿ ಈ ಎರಡು ಫೇಜ್‌ಗಳ ಮುಂದಿಟ್ಟು ನೋಡಿ, ಆಮೇಲೆ ಬೆಲೆಯ ಮಾತಿಗೆ ಕೂರಬಹುದು.