ಮಕ್ಕಳ ಮೊದಲ ಪ್ರೋಗ್ರಾಮಿಂಗ್ ಭಾಷೆ: ಸ್ಕ್ರ್ಯಾಚ್ ಜೂನಿಯರ್, ಸ್ಕ್ರ್ಯಾಚ್ ಮತ್ತು ಲೋಗೋ

ಕನ್ನಡ ಮಾಧ್ಯಮದಲ್ಲಿ ಓದುವ ಚಿಕ್ಕ ಮಕ್ಕಳಿಗಾಗಿ ಒಂದು ಸರಳ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸುವ ಮುನ್ನ, ಈಗಾಗಲೇ ಬಳಕೆಯಲ್ಲಿರುವ ಮೂರು ಭಾಷೆಗಳನ್ನು ನಮ್ಮ ಬಡಾವಣೆಯ ಮಕ್ಕಳೊಂದಿಗೆ ಕುಳಿತು ಪ್ರಯೋಗಿಸಿ ನೋಡಿದೆ. ಮೂರರಲ್ಲಿಯೂ ಕೊಟ್ಟ ಕೆಲಸ ಒಂದೇ: ತೆರೆಯ ಮೇಲಿನ ಪಾತ್ರವು ಚೌಕಾಕಾರವಾಗಿ ಸುತ್ತಿ, ಹೊರಟ ಜಾಗಕ್ಕೇ ಮರಳಬೇಕು.

2014ರಲ್ಲಿ ಬಂದ ಸ್ಕ್ರ್ಯಾಚ್ ಜೂನಿಯರ್ 5ರಿಂದ 7 ವರ್ಷದವರಿಗಾಗಿ ಇರುವಂಥದ್ದು. ಅದರ ಬ್ಲಾಕುಗಳ, ಎಂದರೆ ಜೋಡಿಸಬಹುದಾದ ಆಜ್ಞೆಯ ತುಂಡುಗಳ, ಮೇಲೆ ಪದಗಳ ಬದಲು ಚಿತ್ರಗಳಿರುವುದರಿಂದ, ಓದಲು ಇನ್ನೂ ಕಲಿಯದ ಮಗುವೂ ಅವನ್ನು ಸಾಲಾಗಿ ಜೋಡಿಸಿ ಚೌಕವನ್ನು ಸುಲಭವಾಗಿ ಸುತ್ತಿಸಿತು. ಆದರೆ ಇಲ್ಲಿ ಬಲ, ಮೇಲೆ, ಎಡ, ಕೆಳಗೆ ಎಂಬುವು ತೆರೆಯ ದಿಕ್ಕುಗಳು. ಪಾತ್ರವು ಯಾವ ಕಡೆಗೆ ವಾಲಿದ್ದರೂ ಅದರ ನಡೆ ಬದಲಾಗುವುದಿಲ್ಲ. ಹೀಗಾಗಿ ಕೋನದ ವಿಚಾರವೇ ಮಗುವಿನ ಮುಂದೆ ಬರುವುದಿಲ್ಲ.

ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಕಥೆ ಕಟ್ಟಲು, ಆಟ ಮಾಡಲು ಬಹಳ ಸಮೃದ್ಧವಾಗಿದೆ. ಹೊಂದದ ಬ್ಲಾಕುಗಳು ಒಂದಕ್ಕೊಂದು ಕೂಡುವುದೇ ಇಲ್ಲವಾದ್ದರಿಂದ ವ್ಯಾಕರಣದ ತಪ್ಪಿಗೆ ಆಸ್ಪದವಿಲ್ಲ. ನನ್ನ ಆಕ್ಷೇಪ ಅದರ ಸಮೃದ್ಧಿಯ ಬಗ್ಗೆಯೇ. ನೂರಕ್ಕೂ ಹೆಚ್ಚು ಬ್ಲಾಕುಗಳ ನಡುವೆ ಮಕ್ಕಳು ಚೌಕವನ್ನು ಬಿಟ್ಟು, ಅದರ ಪಾತ್ರವಾದ ಬೆಕ್ಕಿನ ವೇಷ, ಸದ್ದುಗಳ ಕಡೆಗೆ ಹೊರಳಿದರು. ಪ್ರೋಗ್ರಾಂ ತಪ್ಪು ದಾರಿ ಹಿಡಿದಾಗ, ಎಲ್ಲಿ ತಪ್ಪಿತೆಂಬ ಸುಳಿವೂ ಸಿಗಲಿಲ್ಲ.

ಲೋಗೋ ಇವೆರಡಕ್ಕಿಂತ ಬಹಳ ಹಳೆಯದು. 1967ರಲ್ಲಿ ವಾಲಿ ಫ್ಯೂರ್ಜಿಗ್, ಸೆಮೂರ್ ಪ್ಯಾಪರ್ಟ್ ಮತ್ತು ಸಿಂಥಿಯಾ ಸಾಲೊಮನ್ ಇದನ್ನು ರೂಪಿಸಿದರು. ‘ಫಾರ್ವರ್ಡ್ 100’, ‘ರೈಟ್ 90’ ಎಂದರೆ ತೆರೆಯ ಮೇಲಿನ ಪಾತ್ರವಾದ ಆಮೆಯು ತಾನು ಮುಖ ಮಾಡಿದ ಕಡೆಗೆ 100 ಹೆಜ್ಜೆ ನಡೆದು, ತನ್ನ ಬಲಕ್ಕೆ 90 ಡಿಗ್ರಿ ತಿರುಗುತ್ತದೆ. ಆಮೆಯ ಬಲ ಯಾವುದೆಂದು ತಿಳಿಯಲು ಮಕ್ಕಳು ತಾವೇ ಎದ್ದು ನಿಂತು ತಿರುಗಿ ನೋಡಿದರು. ಸಮಬಾಹು ತ್ರಿಕೋನಕ್ಕೆ 60 ಎಂದು ಕೊಟ್ಟವರು, ಆಮೆ ಅಡ್ಡದಾರಿ ಹಿಡಿದುದನ್ನು ಕಂಡು, ನೆಲದ ಮೇಲೆ ನಡೆದು, 120 ಎಂಬ ಉತ್ತರಕ್ಕೆ ಬಂದರು. ಒಂದು ಸುತ್ತು ಪೂರ್ಣವಾಗಲು ಒಟ್ಟು 360 ಡಿಗ್ರಿ ತಿರುಗಬೇಕೆಂಬುದನ್ನು ಇಷ್ಟು ಚೆನ್ನಾಗಿ ಮನಗಾಣಿಸುವ ಬೇರೆ ಸಾಧನ ನನಗೆ ಕಂಡಿಲ್ಲ. ಗೊತ್ತಿಲ್ಲದ ಪದ ಕೊಟ್ಟರೆ ಲೋಗೋ ‘ಅದನ್ನು ಮಾಡುವುದು ನನಗೆ ತಿಳಿಯದು’ ಎನ್ನುತ್ತದೆ. ಆಗ ಮಗು ಆ ಪದವನ್ನು ಅದಕ್ಕೆ ಕಲಿಸಬಹುದು. ಸ್ಕ್ರ್ಯಾಚ್‌ನಲ್ಲಿಯೂ ಹೊಸ ಬ್ಲಾಕ್ ರಚಿಸಬಹುದಾದರೂ ಅದನ್ನು ಯಾರೂ ತಾವಾಗಿ ಹುಡುಕಿಕೊಳ್ಳಲಿಲ್ಲ.

ಲೋಗೋದ ದೊಡ್ಡ ತೊಡಕು ಟೈಪಿಂಗ್. ಇಂಗ್ಲಿಷ್ ಕಾಗುಣಿತ ಒಂದು ಕಡೆಯಾದರೆ, ಪದಕ್ಕೂ ಸಂಖ್ಯೆಗೂ ನಡುವೆ ಜಾಗ ಬಿಡದಿದ್ದರೆ ಆಜ್ಞೆಯೇ ಕೆಡುತ್ತದೆ.

ಆದ್ದರಿಂದ ನನ್ನ ಕರಡು ಭಾಷೆಗೆ ಲೋಗೋದ ಆಮೆಯನ್ನೇ ಆಧಾರವಾಗಿ ಆರಿಸಿಕೊಂಡಿದ್ದೇನೆ. ಆದರೆ ಕನ್ನಡದ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ‘100 ಹೋಗು’, ‘90 ತಿರುಗು’ ಎಂದು ಸಂಖ್ಯೆಯನ್ನು ಮೊದಲಿಗೆ ಇಟ್ಟಿದ್ದೇನೆ. ಫೋರ್ತ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಇದೇ ಕ್ರಮವನ್ನು ಅನುಸರಿಸುವುದರಿಂದ ಕಂಪ್ಯೂಟರಿಗೆ ಇದು ಹೊರೆಯಲ್ಲ. ಹೊಸ ಪದವನ್ನು ಕಲಿಸಲು ‘ಚೌಕ ಕಲಿ’ ಎಂದರೆ ಸಾಕು. ಮಕ್ಕಳಿಗೆ ಟೈಪ್ ಮಾಡಲು ಕಷ್ಟವಾಗಬಾರದೆಂದು ಮೂಲ ಪದಗಳಲ್ಲಿ ಒತ್ತಕ್ಷರಗಳನ್ನು ದೂರವಿಟ್ಟಿದ್ದೇನೆ. ತೀರ ಚಿಕ್ಕವರಿಗಾಗಿ ಅವೇ ಪದಗಳನ್ನು ಸ್ಕ್ರ್ಯಾಚ್ ಜೂನಿಯರ್‌ನಂತೆ ಚಿತ್ರದ ಬ್ಲಾಕುಗಳಾಗಿಯೂ ಕೊಡಲಿದ್ದೇನೆ.